ಛಲ ಇದೆ ಸರ್, ಕಾಲಿನ ಮೇಲಿನ ನಂಬಿಕೆ ಹೋಗಿದೆ

ಪ್ರಶ್ನೆ: ಮೇಡಂ, ನನಗೀಗ 62. ಊರು ದಾವಣಗೆರೆ, ಲೈನ್‌ಮನ್ ಆಗಿದ್ದು ರಿಟೈರ್ ಆದೆ. 48ನೇ ವಯಸ್ಸಲ್ಲಿ ಶುಗರ್ ಬಾರ್ಡರ್ ಅಂದ್ರು ಅಂತ ಓಡೋಕೆ ಶುರು ಮಾಡಿದ್ದು, ಆಮೇಲೆ ಹುಚ್ಚೇ ಹಿಡೀತು, 35 ದಾಟಿದವರ ಮಾಸ್ಟರ್ಸ್ ಕೂಟಗಳಲ್ಲಿ 5000 ಮೀಟರ್ ಓಡ್ತೀನಿ. 56ರಲ್ಲಿ 19 ನಿಮಿಷ 50 ಸೆಕೆಂಡ್ ಓಡಿ ಮೂರನೇ ಸ್ಥಾನ ಬಂದಿದ್ದೆ. ಹೋದ ವರ್ಷ 23 ನಿಮಿಷ 40 ಸೆಕೆಂಡ್, ಏಳನೇ ಸ್ಥಾನ. ಒಂದೂವರೆ ವರ್ಷದಿಂದ ಹಿಮ್ಮಡಿ ಮೇಲಿನ ನರ ನೋವು, ಸ್ಕ್ಯಾನ್ ಮಾಡಿಸಿದೆ, ಹರಿದಿಲ್ಲ, ಊದಿದೆ ಅಂದ್ರು. ಮೂರು ಸಲ ರೆಸ್ಟ್ ಮಾಡಿ ವಾಪಸ್ ಬಂದೆ, ಮೂರು ಸಲವೂ ಎರಡು ಮೂರು ವಾರದಲ್ಲಿ ನೋವು ಮರಳಿ ಬಂತು. ಮನೆಯವಳು ಸಾಕು ಮಾಡಿ ಅಂತಾಳೆ, ಮಗ ವಾಕಿಂಗ್ ಮಾಡಪ್ಪ ಸಾಕು ಅಂತಾನೆ. ಈಗ ಬೆಳಿಗ್ಗೆ ಶೂ ಹಾಕೋಕೇ ಮನಸ್ಸಾಗಲ್ಲ. ಮೊದಲಿನ ಹುಮ್ಮಸ್ಸು ವಾಪಸ್ ತರೋದು ಹೇಗೆ? ಇಲ್ಲ ನಿಲ್ಲಿಸೋ ಟೈಮ್ ಬಂತಾ?

ಉತ್ತರ: ಸರ್, ಹುಮ್ಮಸ್ಸು ಹೋಗಿದೆ ಅಂತ ನೀವು ಬರೆದಿದೀರಿ, ನಂಗೆ ಪತ್ರದಲ್ಲಿ ಕಂಡಿದ್ದು ಅದಲ್ಲ. ಒಂದೂವರೆ ವರ್ಷ ನೋವು ತಿಂದು ಮೂರು ಸಲ ವಾಪಸ್ ಹೋಗಿ ಇನ್ನೂ ದಾರಿ ಕೇಳ್ತಿರೋರಿಗೆ ಛಲ ಕಮ್ಮಿ ಅಂತ ಯಾರು ಹೇಳ್ತಾರೆ. ಎರಡು ವಾರ ರೆಸ್ಟ್ ಮಾಡ್ತೀರಿ, ನೋವು ಇಳಿಯುತ್ತೆ, ಮೂರನೇ ವಾರ ಕುಂದವಾಡ ಕೆರೆ ಸುತ್ತ ಎರಡು ದಿನ ಜಾಗ್ ಮಾಡಿ ನಾಲ್ಕನೇ ದಿನ ಸ್ಟೇಡಿಯಂಗೆ ಹೋಗಿ 400 ಮೀಟರ್ ಇಂಟರ್ವಲ್ (ಜೋರಾಗಿ ಓಡಿ, ಸುಧಾರಿಸ್ಕೊಂಡು, ಮತ್ತೆ ಜೋರಾಗಿ ಓಡೋದು) ಹೊಡೀತೀರಿ, ಹೌದೋ ಅಲ್ವೋ? ನೀವು ಬರೆದಿಲ್ಲ, ಆದ್ರೆ ಇಪ್ಪತ್ತೈದು ವರ್ಷದಿಂದ ಫಿಸಿಯೋ ಕೆಲಸ ಮಾಡ್ತಿದೀನಿ, 55 ದಾಟಿದ ಓಟಗಾರರಲ್ಲಿ ಎರಡು ಮೂರು ವಾರಕ್ಕೆ ಮರಳಿ ಬರೋ ನೋವಿನ ಹಿಂದೆ ಹೆಚ್ಚುಕಮ್ಮಿ ಇದೇ ಕಥೆ ಇರುತ್ತೆ. ಛಲ ಜಾಸ್ತಿ ಆಗಿಯೇ ನೀವು ಈ ಸ್ಥಿತಿಗೆ ಬಂದಿರೋದು. ಹೋಗಿರೋದು ಕಾಲಿನ ಮೇಲಿನ ನಂಬಿಕೆ. ಮೂರು ಸಲ ಕೈಕೊಟ್ಟ ಕಾಲನ್ನ ನಾಲ್ಕನೇ ಸಲ ನಂಬು ಅಂದ್ರೆ ಮನಸ್ಸು ಹೆಂಗೆ ನಂಬುತ್ತೆ ಹೇಳಿ, ಅದಕ್ಕೇ ಶೂ ಕಂಡ್ರೆ ಬೇಜಾರು. ಸೋಮಾರಿತನ ಅಲ್ಲ ಅದು, ಒಂಥರಾ ಬುದ್ಧಿವಂತಿಕೆ. ಹಂಗಾಗಿ ಗೋಡೆ ಮೇಲೆ ಸ್ಲೋಗನ್ ಅಂಟಿಸೋದ್ರಿಂದ, ಮೋಟಿವೇಶನ್ ವಿಡಿಯೋ ನೋಡೋದ್ರಿಂದ ಇದು ಸರಿಹೋಗಲ್ಲ. ಕಾಲು ಸಾಕ್ಷಿ ಕೊಡ್ಬೇಕು, ಆಗ ಮನಸ್ಸು ತಾನಾಗೇ ಹಿಂದೆ ಬರುತ್ತೆ.

ಮೊದ್ಲು ನಿಮ್ಮ ಟೈಮಿಂಗ್ ವಿಷಯ ಮುಗಿಸ್ತೀನಿ, ಯಾಕಂದ್ರೆ ಒಳಗೊಳಗೇ ನಿಮ್ಮನ್ನ ಕೊರೀತಿರೋದು ಅದೇ ಅಂತ ನಂಗೆ ಅನ್ಸುತ್ತೆ. 19:50 ಎಲ್ಲಿ, 23:40 ಎಲ್ಲಿ, ಸುಮಾರು ನಾಲ್ಕು ನಿಮಿಷ. ನೀವು ಅದನ್ನ ಪೂರ್ತಿ ವಯಸ್ಸಿನ ಖಾತೆಗೆ ಹಾಕ್ಬಿಟ್ಟಿದೀರಿ. ಮಾಸ್ಟರ್ಸ್ ಓಟದಲ್ಲಿ ಏಜ್ ಗ್ರೇಡಿಂಗ್ ಅಂತ ಒಂದು ಲೆಕ್ಕ ಇದೆ, ಪ್ರತಿ ವಯಸ್ಸಿಗೂ ಒಂದು ಮಾನದಂಡದ ಟೈಮ್ ಇಟ್ಕೊಂಡು ಅದು ನಿಮ್ಮ ಟೈಮಿನ ಶೇಕಡಾ ಎಷ್ಟು ಅಂತ ನೋಡೋದು. ಆ ಲೆಕ್ಕದಲ್ಲಿ 56ರಲ್ಲಿ 19:50 ಓಡಿದ ಮನುಷ್ಯ ಅದೇ ಮಟ್ಟ ಉಳಿಸ್ಕೊಂಡ್ರೆ 62ರಲ್ಲಿ ಹೆಚ್ಚುಕಮ್ಮಿ 21 ನಿಮಿಷದ ಆಸುಪಾಸು ಓಡ್ಬೇಕು. ಅಂದ್ರೆ ವಯಸ್ಸು ತಗೊಂಡಿದ್ದು ಒಂದು ನಿಮಿಷ, ಸ್ವಲ್ಪ ಹೆಚ್ಚೇ ಇರ್ಲಿ. ಅದು ವಾಪಸ್ ಬರಲ್ಲ, ಗರಿಷ್ಠ ಹಾರ್ಟ್ ರೇಟ್ ಇಳಿಯುತ್ತೆ, ಹೆಜ್ಜೆ ಚಿಕ್ಕದಾಗುತ್ತೆ, ಅದಕ್ಕೆ ಅಳಬೇಡಿ. ಉಳಿದ ಎರಡೂವರೆ ಮೂರು ನಿಮಿಷ ಇದೆಯಲ್ಲ, ಅದರಲ್ಲಿ ಬಹುಪಾಲು ನೋವಿಂದ ತಪ್ಪಿಹೋದ ತಿಂಗಳುಗಳದ್ದು, ಬಿಟ್ಟುಬಿಟ್ಟು ಮಾಡಿದ ಟ್ರೈನಿಂಗ್‌ದು. ಪೂರ್ತಿ ಬರುತ್ತೆ ಅಂತ ಮಾತು ಕೊಡಲ್ಲ, ಆದ್ರೆ ಅದು ವಸೂಲಿ ಆಗಬಹುದಾದ ಸಾಲ. ಇಷ್ಟು ದಿನ ನೀವು ರೇಸ್ ಮಾಡ್ತಿದ್ದಿದ್ದು 56ರ ನಿಮ್ಮ ಜೊತೆ, ಅವನಿಗೆ ಹಿಮ್ಮಡಿ ನೋವಿರಲಿಲ್ಲ.

ಈಗ ಆ ನರದ ವಿಷಯ. ನರ ಅಂತ ನಾವೆಲ್ಲ ಹೇಳ್ತೀವಿ, ನಿಜಕ್ಕೂ ಅದು ನರ ಅಲ್ಲ, ಟೆಂಡನ್, ಮೀನಖಂಡದ ಮಾಂಸವನ್ನ ಹಿಮ್ಮಡಿ ಮೂಳೆಗೆ ಕಟ್ಟಿರೋ ಹಗ್ಗ. ಓಡುವಾಗ ಅದರ ಮೇಲೆ ಮೈತೂಕದ ಆರೇಳು ಪಟ್ಟು ಎಳೆತ ಬೀಳುತ್ತೆ. ಒಂದು ಸ್ವಾರಸ್ಯದ ಸಂಗತಿ ಹೇಳ್ತೀನಿ. ಐವತ್ತು ಅರವತ್ತರ ದಶಕದಲ್ಲಿ ಅಣುಬಾಂಬ್ ಪರೀಕ್ಷೆ ಮಾಡಿದಾಗ ಗಾಳಿಯಲ್ಲಿ ಕಾರ್ಬನ್-14 ಏರಿತ್ತಲ್ಲ, ಅದು ಆಗ ಬೆಳೀತಿದ್ದ ಎಲ್ಲರ ಮೈಯೊಳಗೂ ಸೇರ್ಕೊಳ್ತು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಅದೇ ಗುರುತು ಹಿಡಿದು ಈ ಟೆಂಡನ್ನಿನ ತಿರುಳು ಯಾವಾಗ ತಯಾರಾಗಿದ್ದು ಅಂತ ಲೆಕ್ಕ ಹಾಕಿದ್ರು, ಹೆಚ್ಚುಕಮ್ಮಿ ಹದಿನೇಳು ವರ್ಷದ ಒಳಗೆ ಆಗಿದ್ದೇ ಕೊನೆ, ಆಮೇಲೆ ತಿರುಳು ಹೊಸದಾಗೋದು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ. ಅಂದ್ರೆ ನೀವು ಪಿಯುಸಿ ಓದುವಾಗಿನ ಹಗ್ಗದ ಮೇಲೇ ಇವತ್ತೂ ಓಡ್ತಿದೀರಿ ಸರ್. ಕಂಬ ಹತ್ತಿದ್ದೂ ಅದರ ಮೇಲೇ. ಅದಕ್ಕೇ ರೆಸ್ಟ್ ಮಾಡಿದ್ರೆ ಇದು ವಾಸಿ ಆಗಲ್ಲ. ರೆಸ್ಟ್ ಮಾಡಿದಾಗ ನೋವು ಇಳಿಯುತ್ತೆ, ಅಷ್ಟರಲ್ಲಿ ಮೀನಖಂಡದ ಶಕ್ತಿಯೂ ಇಳಿದಿರುತ್ತೆ, ಮೊದಲಿಗಿಂತ ಬಡವಾದ ಕಾಲಲ್ಲಿ ಮೊದಲಿನ ಸ್ಪೀಡಿಗೇ ಹೋಗ್ತೀರಿ. ಮೂರು ಸಲ ಆಗಿದ್ದು ಇದೇ.

ಇದಕ್ಕಿರೋ ಮದ್ದು ಸಿಕ್ಕ ಕಥೆ ನಮ್ಮ ಫಿಸಿಯೋಗಳ ನಡುವೆ ಬಹಳ ಓಡಾಡುತ್ತೆ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್ಸನ್ ಅಂತ ಮೂಳೆ ಸರ್ಜನ್, ಅವರಿಗೂ ಇದೇ ನೋವು, ಆಪರೇಶನ್ ಮಾಡಿ ಅಂದ್ರೆ ಅವರ ಬಾಸ್ ಒಪ್ಪಲಿಲ್ಲವಂತೆ. ಸರಿ, ಇದನ್ನ ಕೆಡಿಸೇ ಬಿಡ್ತೀನಿ, ಹರಿದುಹೋದ್ರೆ ಆಪರೇಶನ್ ಮಾಡ್ಲೇಬೇಕಲ್ಲ ಅಂತ ಮೆಟ್ಟಿಲ ಅಂಚಲ್ಲಿ ನಿಂತು ನೋವಾಗೋ ಹಾಗೆ ಹಿಮ್ಮಡಿ ಕೆಳಗಿಳಿಸ್ತಾ ಹೋದ್ರು. ಹರೀಲಿಲ್ಲ, ವಾಸಿ ಆಯ್ತು! 1998ರಲ್ಲಿ ಅದನ್ನ ಓಟಗಾರರ ಮೇಲೆ ಪ್ರಯೋಗ ಮಾಡಿ ಪ್ರಕಟಿಸಿದ್ರು, ದಿನಕ್ಕೆ ಎರಡು ಹೊತ್ತು, ಹದಿನೈದರಂತೆ ಮೂರು ಸಲ, ಮಂಡಿ ನೆಟ್ಟಗಿಟ್ಟು ಒಮ್ಮೆ ಮಂಡಿ ಮಡಚಿ ಒಮ್ಮೆ, ಹನ್ನೆರಡು ವಾರ. ಈಗ ಅಷ್ಟು ಲೆಕ್ಕ ಯಾರೂ ಕಡ್ಡಾಯ ಅನ್ನಲ್ಲ, ಭಾರ ಹೊತ್ತು ನಿಧಾನವಾಗಿ ವಾರಕ್ಕೆ ಮೂರು ದಿನ ಹಿಮ್ಮಡಿ ಹತ್ತಿಳಿಸಿದ್ರೂ, ಅಂದ್ರೆ ತುದಿಗಾಲ ಮೇಲೆ ಎದ್ದು ಮತ್ತೆ ಹಿಮ್ಮಡಿ ಇಳಿಸಿದ್ರೂ, ಅಷ್ಟೇ ಕೆಲಸ ಮಾಡುತ್ತೆ. ಆದ್ರೆ ಮೂಲ ಮಾತು ಬದಲಾಗಿಲ್ಲ, ಈ ಹಗ್ಗಕ್ಕೆ ಭಾರವೇ ಔಷಧಿ, ಹದವಾಗಿ ಕೊಡ್ಬೇಕು ಅಷ್ಟೇ. ಒಂದು ಎಚ್ಚರ, ನಿಮ್ಮ ನೋವು ಹಿಮ್ಮಡಿ ಮೂಳೆಗೆ ಅಂಟಿಕೊಂಡ ಜಾಗದಲ್ಲೇ ಇದ್ರೆ ಮೆಟ್ಟಿಲ ಕೆಳಗೆ ಇಳಿಸಬೇಡಿ, ಸಮನೆಲದ ಮೇಲೇ ಹತ್ತಿಳಿಸಿ. ಎರಡು ಮೂರು ಬೆರಳು ಮೇಲೆ, ಹಗ್ಗದ ನಡುಭಾಗದಲ್ಲಿದ್ರೆ ಮೆಟ್ಟಿಲಲ್ಲಿ ಮಾಡಬಹುದು.

ನನ್ನ ಕ್ರಮ ಹೀಗಿದೆ. ಮೊದಲು ಎರಡೂ ಕಾಲಲ್ಲಿ, ಗೋಡೆ ಹಿಡ್ಕೊಂಡು, ಮೂರು ಸೆಕೆಂಡ್ ಹತ್ತೋಕೆ ಮೂರು ಸೆಕೆಂಡ್ ಇಳಿಯೋಕೆ. ಸುಲಭ ಆಯ್ತು ಅನ್ಸಿದ್ಮೇಲೆ ಒಂದೇ ಕಾಲಲ್ಲಿ. ಆಮೇಲೆ ಬೆನ್ನಿಗೆ ಬ್ಯಾಗ್ ಹಾಕಿ ಅದರೊಳಗೆ ಎರಡು ಕೆಜಿ ಅಕ್ಕಿ, ಆಮೇಲೆ ಐದು ಕೆಜಿ, ಹತ್ತು ಕೆಜಿ. ಮೊನ್ನೆ ಒಬ್ರು ಮನೇಲಿ ಅಕ್ಕಿ ಖಾಲಿಯಾಗಿ ಬ್ಯಾಗಿಂದ ತೆಗೆದು ಅನ್ನ ಮಾಡಿದ್ರಂತೆ, ಟ್ರೈನಿಂಗ್ ಒಂದು ವಾರ ಹಿಂದೆ ಹೋಯ್ತು ಅಂತ ಬೈಸ್ಕೊಂಡ್ರು. ನೋವಿಲ್ಲದ ಕಾಲಲ್ಲಿ ಎಷ್ಟು ಸಲ ಹತ್ತೋಕಾಗುತ್ತೆ, ನೋವಿರೋ ಕಾಲಲ್ಲಿ ಎಷ್ಟು, ಇವತ್ತೇ ಎಣಿಸಿ ಬರೆದಿಡಿ. ಒಳ್ಳೇದು 20, ಕೆಟ್ಟದು 8 ಅಂತ ಇಟ್ಕೊಳ್ಳಿ, ಆ ಎರಡರ ನಡುವಿನ ಗುಂಡಿ ತುಂಬೋವರೆಗೂ ಇಂಟರ್ವಲ್ ಅನ್ನೋ ಪದ ಬಾಯಲ್ಲಿ ಬರಬಾರದು. ಅದು 12 ವಾರ ಆಗಬಹುದು, 20 ಆಗಬಹುದು. ಕೆಲವರಿಗೆ ವರ್ಷ ಹಿಡಿದಿದೆ, ಅದನ್ನ ಮುಚ್ಚಿಡಲ್ಲ.

ಆ ದಿನಗಳಲ್ಲಿ ಓಡೋದೇ ಬೇಡ್ವಾ ಅಂತ ಕೇಳ್ತೀರಿ. ಓಡಬಹುದು, ನೋವು ಪೂರ್ತಿ ಸೊನ್ನೆ ಆಗ್ಲಿ ಅಂತ ಕೂತ್ರೆ ಕೂತಲ್ಲೇ ಉಳೀತೀರಿ. ನೋವಿಗೆ ಹತ್ತರಲ್ಲಿ ಅಂಕ ಕೊಡಿ. ಓಡುವಾಗ ಮೂರು, ನಾಲ್ಕರವರೆಗೂ ಬಂದ್ರೆ ಪರವಾಗಿಲ್ಲ, ಆದ್ರೆ ಮಾರನೇ ದಿನ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗೋ ಮೊದಲ ಹತ್ತು ಹೆಜ್ಜೆ ಇದೆಯಲ್ಲ, ಅದೇ ಜಡ್ಜ್. ಆ ಹೆಜ್ಜೆಗಳಲ್ಲಿ ಬಿಗಿತ ಎಂದಿನಷ್ಟೇ ಇದ್ರೆ ನಿನ್ನೆ ಮಾಡಿದ್ದು ಸರಿ. ಜಾಸ್ತಿ ಆಗಿದ್ರೆ ನಿನ್ನೆ ಹೆಚ್ಚಾಯ್ತು, ಎರಡು ದಿನ ಕಮ್ಮಿ ಮಾಡಿ, ನಿಲ್ಲಿಸಬೇಡಿ. ಅಡುಗೆಮನೆ ಗೋಡೆಯ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕ ಬರೀತೀವಲ್ಲ, ಅದರ ಪಕ್ಕದಲ್ಲೇ ಆ ಅಂಕ ಬರೀರಿ. ಒಂದು ತಿಂಗಳು ಬರೆದ್ರೆ ನೋವು ಅನ್ನೋದು ಹೆದರಿಸೋ ಭೂತ ಅನ್ನಿಸಲ್ಲ, ಹಾಲಿನ ಲೆಕ್ಕದ ಥರ ಅದೂ ಒಂದು ಲೆಕ್ಕ ಆಗ್ಬಿಡುತ್ತೆ. ನಾನು ಸಾಕ್ಷಿ ಅಂತ ಹೇಳಿದ್ನಲ್ಲ, ಅದು ಇದೇ. ಐದಿದ್ದಿದ್ದು ನಾಲ್ಕಾಗಿ, ನಡುವೆ ಒಂದಿನ ಆರಾಗಿ, ಮತ್ತೆ ಮೂರಾಗಿದ್ದು ಕಣ್ಣಿಗೆ ಕಾಣುತ್ತೆ. ಆ ಆರು ಬಂದ ದಿನ ಜನ ಬಿಟ್ಟುಬಿಡ್ತಾರೆ. ಲೆಕ್ಕ ಇದ್ದೋರು ಬಿಡಲ್ಲ, ಯಾಕಂದ್ರೆ ಹಿಂದೆಯೂ ಒಂದು ಆರು ಬಂದು ಹೋಗಿದ್ದು ಅವರಿಗೆ ಕಾಣ್ತಿರುತ್ತೆ.

ಇಷ್ಟೆಲ್ಲ ಹೇಳೋ ನಾನು ಸಾಚಾ ಏನಲ್ಲ. ನಂಗೆ 49 ಇದ್ದಾಗ, 1500 ಮೀಟರ್ ರೇಸಿಗೆ ಮೂರು ವಾರ ಇದೆ ಅನ್ನೋವಾಗ ಇದೇ ನೋವು, ಬೇರೆಯವ್ರಿಗೆಲ್ಲ ಬೇಡ ಬೇಡ ಅಂತ ಹೇಳೋಳು ನಾನೇ ಹೋಗಿ ಅಲ್ಲಿಗೆ ಸ್ಟೆರಾಯ್ಡ್ ಇಂಜೆಕ್ಷನ್ ಹಾಕಿಸ್ಕೊಂಡೆ. ಕೊಟ್ಟೋರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹತ್ತು ದಿನ ನೋವೇ ಇಲ್ಲ, ಹಕ್ಕಿ ಥರ ಓಡಿದೆ. ರೇಸಿನ ಕೊನೇ ಲ್ಯಾಪಲ್ಲಿ ಯಾರೋ ಹಿಂದಿಂದ ಒದ್ದ ಹಾಗಾಯ್ತು, ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ಅರ್ಧ ಹರಿದಿತ್ತು. ಎಂಟು ತಿಂಗಳು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯೋದಷ್ಟೇ, ಪರಿಚಯದೋರೆಲ್ಲ "ಏನ್ ಮೇಡಂ, ಓಟ ಬಿಟ್ರಾ" ಅನ್ನೋರು, ಒಂದೊಂದ್ಸಲ ಆ ಪ್ರಶ್ನೆಗೆ ಹೆದರಿ ಮನೇಲೇ ಇರ್ತಿದ್ದೆ. ಹಾಗಾಗಿ ಆ ಇಂಜೆಕ್ಷನ್ ಬೇಡ ಸರ್, ರೇಸ್ ಮುಂಚೆ ನೋವಿನ ಮಾತ್ರೆ ನುಂಗಿ ಓಡೋದೂ ಬೇಡ, ಬಿಸಿಲಲ್ಲಿ ಬೆವರಿ ನೀರು ಕಮ್ಮಿಯಾದ ಮೈಗೆ ಅದು ಕಿಡ್ನಿಗೂ ಹೊಡೆತ. ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಸಿಪ್ರೋಫ್ಲಾಕ್ಸಾಸಿನ್, ಲೆವೋಫ್ಲಾಕ್ಸಾಸಿನ್ ಅಂತ ಆಂಟಿಬಯೋಟಿಕ್‌ಗಳಿವೆ, ಭೇದಿಗೆ, ಉರಿಮೂತ್ರಕ್ಕೆ ನಮ್ಮಲ್ಲಿ ಸಲೀಸಾಗಿ ಬರೀತಾರೆ, ಮೆಡಿಕಲ್ ಶಾಪಲ್ಲಿ ಹಂಗೇ ತಗೊಂಡು ನುಂಗೋರೂ ಇದಾರೆ. ಆ ಜಾತಿಯ ಔಷಧಿಗಳಿಂದ ಟೆಂಡನ್ ಹರಿಯೋ ಅಪಾಯ ಇದೆ, 60 ದಾಟಿದವರಲ್ಲಿ ಇನ್ನೂ ಹೆಚ್ಚು. ಅಮೆರಿಕದ ಔಷಧ ನಿಯಂತ್ರಕರು 2008ರಲ್ಲೇ ಅದರ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದ್ರು. ನಿಮ್ಮ ಡಾಕ್ಟರಿಗೆ ನನಗೆ ಹಿಮ್ಮಡಿ ತೊಂದ್ರೆ ಇದೆ, ಬೇರೆ ಮಾತ್ರೆ ಆಗುತ್ತಾ ಅಂತ ಕೇಳಿ. ಶುಗರ್ ಬಾರ್ಡರ್ ಅಂದ್ರಿ, ಮೂರು ತಿಂಗಳ ಸರಾಸರಿ ಟೆಸ್ಟ್ ಮಾಡಿಸಿ, ಶುಗರ್ ಏರಿದ್ರೆ ಟೆಂಡನ್ ಗಡಸಾಗುತ್ತೆ, ವಾಸಿ ಆಗೋದೂ ತಡ. ಓಡುವಾಗ ಎದೆ ಹಿಡಿದ ಹಾಗೆ, ಗಂಟಲು ಬಿಗಿದ ಹಾಗೆ ಯಾವತ್ತಾದ್ರೂ ಆದ್ರೆ ಈ ಪುರಾಣ ಎಲ್ಲ ಪಕ್ಕಕ್ಕಿಟ್ಟು ಮೊದ್ಲು ಹಾರ್ಟ್ ಡಾಕ್ಟರ್. ಮೂಳೆ ಮೇಲೆ ಒಂದೇ ಬೆರಳಲ್ಲಿ ತೋರಿಸೋ ಅಂಥ ನೋವು, ರಾತ್ರಿ ಮಲಗಿದಾಗಲೂ ಕಾಡೋ ನೋವು, ಅದೂ ಬೇರೆ ಲೆಕ್ಕ, ಅಂಕ ಬರೀತಾ ಕೂರಬೇಡಿ, ತೋರಿಸಿ.

ಹಿನ್ನಡೆ ಅಂದ್ರೆ ನಂಗೆ ಯಾವಾಗ್ಲೂ ನೆನಪಾಗೋದು ಕೆನಡಾದ ಎಡ್ ವಿಟ್ಲಾಕ್. 70 ದಾಟಿ ಮೂರು ಗಂಟೆಯೊಳಗೆ ಮ್ಯಾರಥಾನ್ ಮುಗಿಸಿದ ಮೊದಲ ಮನುಷ್ಯ ಅಂತ ಎಲ್ಲರೂ ಹೇಳ್ತಾರೆ, ಅದು ಆಗಿದ್ದು 72ರಲ್ಲಿ, 2003ರಲ್ಲಿ, 2 ಗಂಟೆ 59 ನಿಮಿಷ 10 ಸೆಕೆಂಡ್. ಅದಕ್ಕೂ ಮುಂಚೆ 70ರಲ್ಲಿ ಒಂದು ಸಲ ಪ್ರಯತ್ನ ಮಾಡಿ ಅರ್ಧ ನಿಮಿಷಕ್ಕೂ ಕಮ್ಮಿ ಅಂತರದಲ್ಲಿ ತಪ್ಪಿಸ್ಕೊಂಡಿದ್ರು. ಯೋಚನೆ ಮಾಡಿ, ಆ ವಯಸ್ಸಲ್ಲಿ ಹಾಗೆ ತಪ್ಪಿದ್ರೆ ಮತ್ತೆ ಅವಕಾಶ ಸಿಗುತ್ತೆ ಅಂತ ಯಾರಿಗಾದ್ರೂ ಅನ್ಸುತ್ತಾ? ಅವರ ಮಂಡಿಯಲ್ಲಿ ಸಂಧಿವಾತ ಇತ್ತು, ತಿಂಗಳುಗಟ್ಟಲೆ ಓಡದೇ ಇದ್ದು, ವಾಪಸ್ ಬರುವಾಗ ಸ್ವಲ್ಪ ಸ್ವಲ್ಪ ಏರಿಸ್ಕೊಂಡು ಬರೋರು. 73ರಲ್ಲಿ 2:54:48 ಓಡಿದ್ರು, 85ರಲ್ಲೂ ನಾಲ್ಕು ಗಂಟೆಯೊಳಗೆ ಮುಗಿಸಿ ಮುಂದಿನ ವರ್ಷ ತೀರ್ಕೊಂಡ್ರು. ಅವರು ಪ್ರಾಕ್ಟೀಸ್ ಮಾಡ್ತಿದ್ದಿದ್ದು ಮನೆ ಹತ್ತಿರದ ಸ್ಮಶಾನದಲ್ಲಿ, ಗಂಟೆಗಟ್ಟಲೆ ಅದೇ ಸುತ್ತು. ನಂಗೆ ಇಷ್ಟ ಆಗೋದು ಏನು ಗೊತ್ತಾ, ಆ ದಿನನಿತ್ಯದ ಓಟ ಬಹಳ ಖುಷಿ ಕೊಡುತ್ತೆ ಅಂತ ಆ ಮನುಷ್ಯ ಸುಳ್ಳು ಹೇಳಲಿಲ್ಲ, ಅದು ಬೇಸರದ ಕೆಲಸವೇ ಅಂತಿದ್ರು, ರೇಸು, ರೆಕಾರ್ಡು ಇಷ್ಟ, ಅದಕ್ಕೋಸ್ಕರ ಮಾಡ್ತೀನಿ ಅನ್ನೋ ಧಾಟಿ. ಹಾಗಾಗಿ ಶೂ ಹಾಕೋಕೆ ಮನಸ್ಸಾಗದ ಬೆಳಿಗ್ಗೆ ನಿಮಗೊಬ್ಬರಿಗೇ ಬರೋದಲ್ಲ ಸರ್. ಮನಸ್ಸಾಗ್ಲಿ ಅಂತ ಕಾಯ್ಬೇಡಿ, ಕಾಫಿ ಕುಡಿದು ಹತ್ತಿಳಿಸೋದು ಮುಗಿಸಿ. ಜಪಾನಿನ ಮರಿಕೊ ಯುಗೆಟಾ ಅನ್ನೋ ಟೀಚರ್ ಮೂರು ಗಂಟೆಯೊಳಗೆ ಓಡ್ಬೇಕು ಅಂತ ದಶಕಗಟ್ಟಲೆ ಆಸೆ ಇಟ್ಕೊಂಡು ಕೊನೆಗೆ ಸಾಧಿಸಿದ್ದು 58 ದಾಟಿದ ಮೇಲೆ, ಆಮೇಲೆ 60 ದಾಟಿ ಆ ಗಡಿಯೊಳಗೆ ಓಡಿದ ಮೊದಲ ಹೆಂಗಸೂ ಅವರೇ ಆದ್ರು. ಇಂಥವರನ್ನ ನೋಡಿ ನಾವೂ ಹಂಗೇ ಓಡ್ತೀವಿ ಅನ್ನೋದು ಬೇಡ, ಅವರು ಕೋಟಿಗೊಬ್ಬರು. ಹೋದ ತಿಂಗಳುಗಳನ್ನ ಅವರು ಹೆಂಗೆ ದಾಟಿದ್ರು ಅನ್ನೋದನ್ನ ಮಾತ್ರ ನೋಡಿ.

ನಿಮ್ಮ ಮನೆಯವರ ವಿಷಯ. ಅವರು ಸಾಕು ಅಂತಿರೋದು ಓಟಕ್ಕಾ, ಇಲ್ಲ ಓಟದಿಂದ ಬಂದ ನಿಮ್ಮ ಮುಖಕ್ಕಾ, ಒಂದ್ಸಲ ಕೇಳಿ ನೋಡಿ. ನನ್ನ ಅನುಭವದಲ್ಲಿ ಎರಡನೇದೇ ಜಾಸ್ತಿ. ಕುಂಟ್ಕೊಂಡು ಬಂದು, ಸಿಡಿಮಿಡಿ ಅಂದು, ಮಂಡಕ್ಕಿ ಮುಂದಿಟ್ರೂ ಮಾತಾಡದೆ ಕೂರೋ ಗಂಡನ್ನ ನೋಡಿ ಯಾವ ಹೆಂಡ್ತಿ ತಾನೇ ಓಡಿ ಓಡಿ ಅಂತಾಳೆ. ಅವರಿಗೆ ಆ ಕ್ಯಾಲೆಂಡರ್ ತೋರಿಸಿ, ಬ್ಯಾಗಿಗೆ ಅಕ್ಕಿ ತುಂಬೋ ಅಧಿಕಾರ ಅವರಿಗೇ ಕೊಡಿ. ಮಗನಿಗೆ ವಾಕಿಂಗೂ ಮಾಡ್ತೀನಪ್ಪ ಅನ್ನಿ, ಮೊದಲ ಆರು ವಾರ ಮೂರರಲ್ಲಿ ಒಂದು ಪಾಲು ವಾಕಿಂಗೇ ಇರೋದು, ಎರಡು ನಿಮಿಷ ಓಟ ಒಂದು ನಿಮಿಷ ನಡಿಗೆ, ಒಂದು ದಿನ ಬಿಟ್ಟು ಒಂದು ದಿನ. ಉಸಿರಿನ ಶಕ್ತಿ ಉಳಿಸೋಕೆ ಸೈಕಲ್ ತುಳೀರಿ, ಏದುಸಿರು ಬರೋ ಇಂಟರ್ವಲ್ ಮಾಡೋ ಚಪಲ ಇದ್ರೆ ಸೈಕಲ್ ಮೇಲೇ ತೀರಿಸ್ಕೊಳ್ಳಿ. ಊಟದಲ್ಲಿ ರೊಟ್ಟಿ ಜೊತೆ ಕಾಳುಪಲ್ಯ, ಮೊಸರು, ತಿಂದ್ರೆ ಮೊಟ್ಟೆ, ನಮ್ಮ ವಯಸ್ಸಲ್ಲಿ ಪ್ರೋಟೀನ್ ಸ್ವಲ್ಪ ಜಾಸ್ತಿನೇ ಬೇಕು. ಹಿಮ್ಮಡಿ ಚಪ್ಪಟೆ ಇರೋ ತೆಳ್ಳನೆ ಶೂ ಸದ್ಯಕ್ಕೆ ಬೇಡ, ಹಿಮ್ಮಡಿ ಕಡೆ ಸ್ವಲ್ಪ ಎತ್ತರ ಇರೋದು ಹಾಕಿ.

ನಿಲ್ಲಿಸೋ ಟೈಮ್ ಬಂತಾ ಅಂತ ಕೇಳಿದ್ರಿ. ರೇಸ್ ನಿಲ್ಲಿಸೋದು ತಪ್ಪೇನಲ್ಲ. ನೂರನೇ ವಯಸ್ಸಲ್ಲೂ ಮ್ಯಾರಥಾನ್ ಓಡಿದ ಫೌಜಾ ಸಿಂಗ್ ಅವರೇ 101ನೇ ವಯಸ್ಸಲ್ಲಿ, 2013ರಲ್ಲಿ ಹಾಂಕಾಂಗ್‌ನಲ್ಲಿ 10 ಕಿಲೋಮೀಟರ್ ಓಡಿ ಸ್ಪರ್ಧೆ ಸಾಕು ಅಂದ್ರು, ನಡೆಯೋದು ಬಿಡಲಿಲ್ಲ. ಕೊನೆಗೆ 2025ರಲ್ಲಿ ಅವರನ್ನ ಕೊಂಡೊಯ್ದಿದ್ದು ಕಾಲೂ ಅಲ್ಲ ವಯಸ್ಸೂ ಅಲ್ಲ, ಊರ ಹತ್ತಿರ ರಸ್ತೆ ದಾಟುವಾಗ ಗುದ್ದಿದ ಗಾಡಿ. (ಬೆಳಗಿನ ಜಾವ ಹೈವೇ ಪಕ್ಕ ಕಪ್ಪು ಟೀ ಶರ್ಟ್ ಹಾಕ್ಕೊಂಡು ಓಡೋರು ದಯವಿಟ್ಟು ಹೊಳೆಯೋ ಪಟ್ಟಿ ಇರೋ ಜಾಕೆಟ್ ತಗೊಳ್ಳಿ, ಇನ್ನೂರು ಮುನ್ನೂರು ರೂಪಾಯಿ.) ಆದ್ರೆ ನಿಲ್ಲಿಸೋ ನಿರ್ಧಾರನ ನೋವಿರೋ ದಿನ ತಗೋಬೇಡಿ. ಕೋಪದಲ್ಲಿ ರಾಜೀನಾಮೆ ಬರೆದ ಹಾಗೆ ಅದು. ಎರಡೂ ಕಾಲಲ್ಲಿ ಒಂದೇ ಲೆಕ್ಕ ಬಂದ್ಮೇಲೆ, ಒಂದು ತಿಂಗಳು ಆರಾಮಾಗಿ ಓಡಿದ್ಮೇಲೆ, ಆಗ ಒಂದು ಸಣ್ಣ ರೇಸ್ ಓಡಿ, 5000 ಬೇಡ, ಯಾವುದಾದ್ರೂ ಊರ ಓಟ. ಅದು ಮುಗಿದ ಮೇಲೂ ಬೇಡ ಅನ್ಸಿದ್ರೆ ಖುಷಿಯಾಗಿ ಬಿಡಿ, ಯಾರಿಗೂ ಉತ್ತರ ಹೇಳ್ಬೇಕಿಲ್ಲ. ಬೇಕು ಅನ್ಸಿದ್ರೆ, ಮಾಸ್ಟರ್ಸ್‌ನಲ್ಲಿ 35ರಿಂದ ಐದೈದು ವರ್ಷಕ್ಕೊಂದು ಗುಂಪು ಅನ್ನೋದು ನಿಮಗೇ ಗೊತ್ತು, 60ರಿಂದ 64ರ ಗುಂಪಲ್ಲಿ ಈಗ ನೀವು ನಡುವೆ ಇದೀರಿ, 65 ತುಂಬಿದ ದಿನ ಮುಂದಿನ ಗುಂಪಿನ ಚಿಕ್ಕ ಹುಡುಗ ಆಗ್ತೀರಿ. ಬೇರೆ ಯಾವ ಕೆಲಸದಲ್ಲಿ ಬರ್ತ್‌ಡೇ ಬರ್ಲಿ ಅಂತ ಮುದುಕರು ಕಾಯ್ತಾರೆ ಹೇಳಿ! ಇನ್ನೂ ಮೂರು ವರ್ಷ ಇದೆ, ಹಿಮ್ಮಡಿಗೆ ಒಂದು ವರ್ಷ ಕೊಟ್ರೂ ಎರಡು ಉಳಿಯುತ್ತೆ.

ಒಂದು ವಿಷಯ ನೀವು ಬರೆದೇ ಇಲ್ಲ, ನೋವು ಎಡಗಾಲೋ ಬಲಗಾಲೋ? ಟ್ರ್ಯಾಕಲ್ಲಿ ಯಾವಾಗ್ಲೂ ಎಡಕ್ಕೇ ತಿರುಗೋದು, ಅದಕ್ಕೇ ಕೇಳ್ತಿದೀನಿ. ಎರಡೂ ಕಾಲಿನ ಎಣಿಕೆ ಜೊತೆ ಅದನ್ನೂ ಬರೀರಿ, ಆಮೇಲೆ ಇಂಟರ್ವಲ್ ಯಾವಾಗ ಅಂತ ಮಾತಾಡೋಣ.